ನಡೆಯಬೇಡಿ ಎನ್ನುವ ಮೊದಲು ನಡೆ ನೋಡಿ

ಪುತ್ತೂರು, ಸುಳ್ಯ, ಕಡಬದ ಕಡೆ ಐವತ್ತು ದಾಟಿದ ಅನೇಕರ ಚೀಲದಲ್ಲಿ ಎರಡು ಚೀಟಿಗಳಿರುತ್ತವೆ. ಸಕ್ಕರೆ ಕಾಯಿಲೆಗೆ ಬರೆದ ಚೀಟಿಯ ಜೊತೆ ಬಂದ ಮಾತು, ದಿನಾ ಅರ್ಧ ಗಂಟೆ ನಡೆಯಿರಿ. ಗಂಟುನೋವಿಗೆ ಬರೆದ ಚೀಟಿಯ ಜೊತೆ ಬಂದ ಮಾತು, ನಡೆಯುವುದು ಕಡಿಮೆ ಮಾಡಿ, ಏರು ಹತ್ತಬೇಡಿ, ನೆಲದಲ್ಲಿ ಕೂರಬೇಡಿ. ಇಲ್ಲಿ ಮನೆ ಇರುವುದು ಗುಡ್ಡೆಯ ನಡುಮಧ್ಯೆ, ತೋಟ ಕೆಳಗೆ ತೋಡಿನ ಬದಿಯಲ್ಲಿ, ಬಸ್ಸು ನಿಲ್ಲುವ ರಸ್ತೆ ಮೇಲೆ. ಎರಡನೆಯ ಮಾತು ಕೇಳಿದರೆ ಸಂಸಾರ ನಡೆಯುವುದಿಲ್ಲ, ಮೊದಲನೆಯದನ್ನು ಕೇಳಿದರೆ ರಾತ್ರಿ ಮೊಣಗಂಟು ನಿದ್ದೆ ಕೊಡುವುದಿಲ್ಲ. ಕೊನೆಗೆ ಎರಡನ್ನೂ ಬದಿಗಿಟ್ಟು, ಎಣ್ಣೆ ತಿಕ್ಕಿಕೊಂಡು, ನೋವಿನ ಮಾತ್ರೆ ನುಂಗಿ ದಿನ ದೂಡುವವರೇ ಹೆಚ್ಚು.

ಈ ಎರಡು ಸಲಹೆಗಳು ಮೇಲ್ನೋಟಕ್ಕೆ ಪರಸ್ಪರ ವಿರುದ್ಧ. ಆದರೆ ಎರಡರಲ್ಲೂ ಇರುವ ತಪ್ಪು ಒಂದೇ: ನಡಿಗೆಯೆಂದರೆ ಬರೀ ಅಳತೆ, ಹೆಚ್ಚು ಅಥವಾ ಕಡಿಮೆ ಮಾಡಬಹುದಾದ ಒಂದು ಮೊತ್ತ ಎಂದು ಎರಡೂ ತಿಳಿದಿವೆ. ಮೊಣಗಂಟಿಗೆ ಎಷ್ಟು ಹೆಜ್ಜೆ ಹಾಕಿದಿರಿ ಎನ್ನುವುದಕ್ಕಿಂತ ಪ್ರತಿ ಹೆಜ್ಜೆಯಲ್ಲೂ ಭಾರ ಎಲ್ಲಿ ಬಿತ್ತು, ಹೇಗೆ ಬಿತ್ತು ಎನ್ನುವುದು ಮುಖ್ಯ. ಕಳೆದ ಎರಡು ದಶಕಗಳ ಸಂಶೋಧನೆ ಇದನ್ನು ಸಾಕಷ್ಟು ಸ್ಪಷ್ಟವಾಗಿ ತೋರಿಸಿದೆ. ನಮ್ಮಂಥ ಏರುತಗ್ಗಿನ ಊರಿಗೆ ಅದರಿಂದ ಹೊರಡುವ ತೀರ್ಮಾನ ಮಾತ್ರ ಇನ್ನೂ ಆಸ್ಪತ್ರೆಯ ಕೋಣೆಯನ್ನೂ ಪಂಚಾಯತಿನ ಸಭೆಯನ್ನೂ ತಲುಪಿಲ್ಲ.

ಆಸ್ಟಿಯೋಆರ್ಥ್ರೈಟಿಸ್ ಎಂದು ವೈದ್ಯರು ಬರೆಯುವ ಈ ಸವೆತ ಅಪರೂಪದ್ದಲ್ಲ. 2016ರಲ್ಲಿ ಪ್ರಕಟವಾದ ಭಾರತದ ಒಂದು ಸಮೀಕ್ಷೆ, ತಾನು ಪರೀಕ್ಷಿಸಿದವರಲ್ಲಿ ಶೇಕಡಾ 28.7ರಷ್ಟು ಮಂದಿಯ ಮೊಣಗಂಟಿನಲ್ಲಿ ಇದನ್ನು ಕಂಡಿತು. ಹಾಗೆಂದು ಮೊಣಗಂಟಿನ ಎಲ್ಲ ನೋವೂ ಇದೇ ಅಲ್ಲ. 2008ರಲ್ಲಿ ದಕ್ಷಿಣ ಕನ್ನಡದ ಹಳ್ಳಿಹಳ್ಳಿಗೆ ಹಬ್ಬಿದ ಚಿಕುನ್‌ಗುನ್ಯ ಎಷ್ಟೋ ಜನರ ಗಂಟುಗಳಲ್ಲಿ ತಿಂಗಳುಗಟ್ಟಲೆ ನೋವು ಉಳಿಸಿ ಹೋಯಿತು. ಬೆಳಿಗ್ಗೆ ಎದ್ದಾಗ ಗಂಟೆಗಟ್ಟಲೆ ಬಿಗಿತ, ಕೈಬೆರಳು ಸೇರಿ ಹಲವು ಗಂಟುಗಳಲ್ಲಿ ಊತ, ಜ್ವರ ಇದ್ದರೆ ಅದು ಬೇರೆ ಕಾಯಿಲೆ, ಅದರ ದಾರಿ ಬೇರೆ. ನಾನಿಲ್ಲಿ ಹೇಳುತ್ತಿರುವುದು ನಡೆದಾಗ, ಇಳಿದಾಗ, ಕುಳಿತು ಏಳುವಾಗ ನೋಯುವ, ವರ್ಷದಿಂದ ವರ್ಷಕ್ಕೆ ಬೆಳೆಯುವ ಸವೆತದ ಬಗ್ಗೆ.

ಸವೆತ ಎಂದ ಕೂಡಲೇ ಬಳಸಿದಷ್ಟೂ ಸವೆಯುತ್ತದೆ ಎಂಬ ಲೆಕ್ಕ ಮನಸ್ಸಿಗೆ ಬರುತ್ತದೆ. ಜೀವಂತ ಗಂಟಿಗೆ ಆ ಲೆಕ್ಕ ಹೊಂದುವುದಿಲ್ಲ. ಎಲುಬಿನ ತುದಿಗೆ ಹೊದಿಸಿದ ನುಣುಪಾದ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಭಾರ ಬಿದ್ದಾಗ ಹಿಂಡಿ, ಭಾರ ತೆಗೆದಾಗ ಹೀರಿ, ಗಂಟಿನೊಳಗಿನ ದ್ರವದಿಂದಲೇ ಅದು ಆಹಾರ ಪಡೆಯುತ್ತದೆ. ಅಂದರೆ ನಡಿಗೆ ಅದರ ಊಟವೂ ಹೌದು. ಅಮೆರಿಕದ ದೀರ್ಘಕಾಲದ ಅಧ್ಯಯನವೊಂದರಲ್ಲಿ ಮೊಣಗಂಟಿನ ಸವೆತವಿದ್ದ, ಐವತ್ತು ದಾಟಿದ ಸಾವಿರಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿ ನೋಡಿದರು. ವ್ಯಾಯಾಮವೆಂದು ನಡೆಯುತ್ತಿದ್ದವರಲ್ಲಿ ಹೊಸದಾಗಿ ಪದೇಪದೇ ನೋವು ಶುರುವಾಗುವ ಸಾಧ್ಯತೆ, ನಡೆಯದವರಿಗಿಂತ ಸುಮಾರು ಶೇಕಡಾ 40ರಷ್ಟು ಕಡಿಮೆ ಎಂದು 2022ರಲ್ಲಿ ವರದಿಯಾಯಿತು. ನಡೆಯಬೇಡಿ ಎಂಬ ಸಲಹೆಗೆ ಇಷ್ಟೇ ಸಾಕಾದ ಉತ್ತರ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಜನ ನಡೆದದ್ದು ವ್ಯಾಯಾಮಕ್ಕೆ. ಖಾಲಿ ಕೈ, ತಾವೇ ಆರಿಸಿದ ದಾರಿ, ಸುಸ್ತಾದಲ್ಲಿಗೆ ನಿಲ್ಲುವ ಸ್ವಾತಂತ್ರ್ಯ. ಜುಲೈ ತಿಂಗಳಲ್ಲಿ ತಲೆಮೇಲೆ ಹಟ್ಟಿಗೊಬ್ಬರದ ಬುಟ್ಟಿ ಹೊತ್ತು, ಪಾಚಿ ಹಿಡಿದ ಮುರಕಲ್ಲಿನ ಮೇಲೆ ತೋಟಕ್ಕಿಳಿಯುವುದನ್ನೂ ನಡಿಗೆ ಎಂದೇ ಕರೆಯುತ್ತೇವೆ. ಮೊಣಗಂಟಿನ ಮಟ್ಟಿಗೆ ಇವೆರಡೂ ಒಂದೇ ಕೆಲಸವಲ್ಲ.

ಹೇಗೆ ಅಲ್ಲ ಎಂದು ತಿಳಿಯಲು ಒಂದು ಹೆಜ್ಜೆಯ ಒಳಗೆ ಏನು ನಡೆಯುತ್ತದೆಂದು ನೋಡಬೇಕು. ಪ್ರತಿ ಹೆಜ್ಜೆಯಲ್ಲೂ ಅರೆಕ್ಷಣ ನಾವು ಒಂಟಿಕಾಲಿನಲ್ಲಿ ನಿಂತಿರುತ್ತೇವೆ. ಆಗ ದೇಹದ ಭಾರದ ಕೇಂದ್ರ ಊರಿದ ಕಾಲಿನ ನೇರಕ್ಕಿರುವುದಿಲ್ಲ, ಅದರ ಒಳಗಡೆಗೆ, ಇನ್ನೊಂದು ಕಾಲಿನ ಕಡೆಗೆ ಇರುತ್ತದೆ. ನೆಲ ಪಾದವನ್ನು ಮೇಲಕ್ಕೆ ಒತ್ತುವ ಬಲ ಆ ಕೇಂದ್ರದ ಕಡೆಗೆ ಓರೆಯಾಗಿ ಏರುತ್ತ, ಮೊಣಗಂಟಿನ ನಡುವಿನಿಂದಲ್ಲ, ಒಳಬದಿಯಿಂದ ಹಾದುಹೋಗುತ್ತದೆ. ಹಾಗಾಗಿ ಗಂಟು ಹೊರಗೆ ಬಾಗಲು ನೋಡುತ್ತದೆ, ಒಳಬದಿಯ ಮೃದ್ವಸ್ಥಿ ಹಿಚುಕಿಹೋಗುತ್ತದೆ. ಸಾಮಾನ್ಯ ಕಾಲಿನಲ್ಲೂ ಗಂಟಿನ ಒತ್ತಡದ ಹೆಚ್ಚಿನ ಪಾಲು ಬೀಳುವುದು ಒಳಬದಿಗೇ. ಸವೆತ ಅಲ್ಲೇ ಮೊದಲು ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ಇಲ್ಲಿ ಭಾರದಷ್ಟೇ ಮುಖ್ಯವಾದದ್ದು ಅಂತರ. ತುಂಬಿದ ಕೊಡಪಾನವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಹೊರಬಹುದು, ಅದನ್ನೇ ಕೈ ಚಾಚಿ ಹಿಡಿದರೆ ನಾಲ್ಕು ಹೆಜ್ಜೆ ಇಡಲಾಗದು. ಕಾಲು ಬಿಲ್ಲಿನಂತೆ ಹೊರಬಾಗಿದ್ದರೆ ಗಂಟಿನ ನಡುವಿಗೂ ಬಲ ಹಾಯುವ ಗೆರೆಗೂ ಅಂತರ ಹೆಚ್ಚುತ್ತದೆ, ಅದೇ ದೇಹತೂಕ ಒಳಬದಿಯನ್ನು ಇನ್ನಷ್ಟು ಹಿಚುಕುತ್ತದೆ. ಒಳಬದಿ ಸವೆದಂತೆ ಕಾಲು ಇನ್ನಷ್ಟು ಬಾಗುತ್ತದೆ, ಬಾಗಿದಂತೆ ಸವೆತ ಇನ್ನಷ್ಟು ಬೇಗವಾಗುತ್ತದೆ. ಶುರುವಾದ ಮೇಲೆ ಈ ಕಾಯಿಲೆ ತನ್ನ ದಾರಿಯನ್ನು ತಾನೇ ಕಡಿದುಕೊಳ್ಳುತ್ತ ಹೋಗುವುದು ಹೀಗೆ.

ಇದು ಬರಿಯ ತರ್ಕವಲ್ಲ. ಷಿಕಾಗೋದ ಸಂಶೋಧಕರು 2001ರಲ್ಲಿ ಪ್ರಕಟಿಸಿದಂತೆ, ಸವೆತವಿದ್ದವರಲ್ಲಿ ಕಾಲು ಹೊರಬಾಗಿದ್ದರೆ ಹದಿನೆಂಟು ತಿಂಗಳೊಳಗೆ ಒಳಬದಿಯ ಸವೆತ ಬೆಳೆಯುವ ಸಾಧ್ಯತೆ ಸುಮಾರು ನಾಲ್ಕು ಪಟ್ಟು. 2002ರಲ್ಲಿ ಜಪಾನಿನ ತಂಡವೊಂದು 74 ರೋಗಿಗಳ ನಡಿಗೆಯನ್ನು ಮೊದಲೇ ಅಳೆದಿಟ್ಟು ಆರು ವರ್ಷಗಳ ನಂತರದ ಎಕ್ಸ್‌ರೇ ಜೊತೆ ಹೋಲಿಸಿತು. ಗಂಟನ್ನು ಹೊರಕ್ಕೆ ಬಾಗಿಸುವ ಈ ತಿರುಚುಬಲ ಆರಂಭದಲ್ಲಿ ಯಾರಲ್ಲಿ ಹೆಚ್ಚಿತ್ತೋ ಅವರಲ್ಲೇ ಸವೆತ ಹೆಚ್ಚು ಬೆಳೆದಿತ್ತು. 2004ರ ಇನ್ನೊಂದು ಅಧ್ಯಯನಕ್ಕೆ ಯಂತ್ರವೇ ಬೇಕಾಗಲಿಲ್ಲ. ನಡೆಯುವವರನ್ನು ಎದುರಿನಿಂದ ನೋಡಿ, ಕಾಲೂರಿದಾಗ ಮಂಡಿ ಹೊರಕ್ಕೆ ಫಕ್ಕನೆ ಜಗ್ಗುತ್ತದೆಯೇ ಎಂದಷ್ಟೇ ಗುರುತಿಸಿದರು. ಜಗ್ಗುವವರಲ್ಲಿ ಸವೆತ ಬೆಳೆಯುವ ಸಾಧ್ಯತೆ ಅಲ್ಲೂ ಸುಮಾರು ನಾಲ್ಕು ಪಟ್ಟು. ಅಂಗಳದಲ್ಲಿ ಹತ್ತು ಹೆಜ್ಜೆ ನಡೆಸಿ ಮನೆಯವರೇ ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಬಹುದಾದ ಸಂಗತಿಯಿದು. ಎಕ್ಸ್‌ರೇಯಲ್ಲಿ ಗ್ಯಾಪ್ ಕಮ್ಮಿಯಾಗಿದೆ ಎಂದು ತೋರಿಸುವ ನಾವು, ಆ ಗ್ಯಾಪ್ ಯಾಕೆ ಕಮ್ಮಿಯಾಗುತ್ತಿದೆ ಎಂದು ತೋರಿಸುವ ನಡಿಗೆಯನ್ನು ನೋಡುವುದೇ ಇಲ್ಲ.

ಇನ್ನು ನಮ್ಮ ನೆಲದ ವಿಚಾರ. ಕುಕ್ಕೆಯಿಂದ 1712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಹೋಗಿಬಂದವರನ್ನು ಕೇಳಿ. ಹತ್ತುವಾಗ ದೂರು ಹೇಳುವುದು ಉಸಿರು, ಇಳಿಯುವಾಗ ಮೊಣಗಂಟು. ಬರ್ಲಿನ್‌ನ ಸಂಶೋಧಕರು ಬದಲಿ ಮೊಣಗಂಟಿನೊಳಗೇ ಅಳತೆಯ ಉಪಕರಣ ಇಟ್ಟು ಐದು ಜನರಲ್ಲಿ ಈ ಒತ್ತಡವನ್ನು ನೇರವಾಗಿ ಅಳೆದು 2010ರಲ್ಲಿ ಪ್ರಕಟಿಸಿದರು. ಸಮತಟ್ಟಿನಲ್ಲಿ ನಡೆಯುವಾಗ ಗಂಟಿನ ಮೇಲೆ ದೇಹತೂಕದ 2.6 ಪಟ್ಟು, ಮೆಟ್ಟಿಲು ಹತ್ತುವಾಗ 3.2 ಪಟ್ಟು, ಇಳಿಯುವಾಗ 3.5 ಪಟ್ಟು ಬಲ ಬೀಳುತ್ತಿತ್ತು. ಅರವತ್ತು ಕಿಲೋ ತೂಕದ ಹೆಂಗಸಿಗೆ ಲೆಕ್ಕ ಹಾಕಿದರೆ ಬಯಲಿನಲ್ಲಿ ನೂರೈವತ್ತು ಕಿಲೋ ದಾಟುವ ಒತ್ತಡ ಇಳಿತದಲ್ಲಿ ಇನ್ನೂರು ದಾಟುತ್ತದೆ. ಇಳಿಯುವಾಗ ಬಾಗಿದ ಮಂಡಿಯಲ್ಲೇ ದೇಹವನ್ನು ತಡೆಹಿಡಿಯಬೇಕು. ಆ ಕೆಲಸ ಮಾಡುವ ತೊಡೆಯ ಮುಂಭಾಗದ ಸ್ನಾಯು ಎಳೆದಷ್ಟೂ ಮಂಡಿಚಿಪ್ಪು ಹಿಂದಕ್ಕೆ ಒತ್ತಲ್ಪಡುತ್ತದೆ. ಆ ಸ್ನಾಯು ಸೋತಿದ್ದರೆ ಕಾಲು ಧೊಪ್ಪೆಂದು ಬೀಳುತ್ತದೆ.

ಬಯಲುಸೀಮೆಯ ಹೊಲದಲ್ಲಿಲ್ಲದ ಇನ್ನೊಂದು ಕಷ್ಟ ಇಲ್ಲಿದೆ: ಇಳಿತದಲ್ಲೂ ತಲೆ ಖಾಲಿಯಿರುವುದಿಲ್ಲ. ಕುಮ್ಕಿಯಿಂದ ಸೊಪ್ಪು, ಹಟ್ಟಿಯಿಂದ ಗೊಬ್ಬರ ಕೆಳಗಿಳಿಯಬೇಕು. ಹೆಕ್ಕಿದ ಅಡಿಕೆ, ತೆಂಗಿನಕಾಯಿ, ಹುಲ್ಲಿನ ಕಟ್ಟ ಮೇಲೇರಬೇಕು. ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಜೂನ್‌ನಿಂದ ದಾರಿಯೂ ಜಾರುತ್ತದೆ. ಜಾರುವ ಹೆದರಿಕೆಯಿರುವವರು ಮಂಡಿ ಮಡಿಸಿಕೊಂಡೇ, ತೊಡೆಯ ಹಿಂದುಮುಂದಿನ ಸ್ನಾಯುಗಳನ್ನು ಒಟ್ಟಿಗೆ ಬಿಗಿಹಿಡಿದು ಹೆಜ್ಜೆಯಿಡುತ್ತಾರೆ. ಬೀಳದಿರಲು ಇದು ಒಳ್ಳೆಯ ಉಪಾಯ, ಆದರೆ ಬಿಗಿದ ಸ್ನಾಯು ಗಂಟನ್ನು ಎರಡೂ ಕಡೆಯಿಂದ ಅಮುಕುತ್ತದೆ. ಮಳೆಗಾಲದ ಗಂಟುನೋವನ್ನು ನಾವು ಥಂಡಿಯ ಲೆಕ್ಕಕ್ಕೆ ಬರೆಯುತ್ತೇವೆ. ಅದರಲ್ಲಿ ಒಂದು ಪಾಲು ಪಾಚಿಯ ಲೆಕ್ಕಕ್ಕೂ ಸೇರಬೇಕೆಂದು ನನ್ನ ಗುಮಾನಿ.

ಕೆಲಸದ ಭಂಗಿಯನ್ನೂ ಇದಕ್ಕೆ ಸೇರಿಸಿ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆನಿಂತವು. ಟ್ಯಾಪಿಂಗ್ ಮಾಡುವವರು ನಸುಕಿನಲ್ಲೇ ಗುಡ್ಡೆಯ ಬದಿಯ ಓರೆದಾರಿಯಲ್ಲಿ ಮುನ್ನೂರರ ಆಸುಪಾಸಿನ ಮರಗಳನ್ನು ಸುತ್ತಬೇಕು. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ, ಮರಮರಕ್ಕೂ ಬಾಗಿ ಏಳಬೇಕು, ಕೊನೆಗೆ ಹಾಲಿನ ಬಕೆಟು ಹೊರಬೇಕು. ಬೀಡಿ ಕಟ್ಟುವ ಹೆಂಗಸರು ನಡೆಯುವುದೇ ಇಲ್ಲ, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಗಂಟೆಗಟ್ಟಲೆ ಕಾಲು ಮಡಿಸಿ ಕೂರುತ್ತಾರೆ. ಅವರಿಗೂ ಗಂಟುನೋವು ತಪ್ಪಿಲ್ಲ. ಬೀಜಿಂಗ್‌ನ ಹಿರಿಯ ಹೆಂಗಸರಲ್ಲಿ ಅಮೆರಿಕದ ಹೆಂಗಸರಿಗಿಂತ ಮೊಣಗಂಟಿನ ಸವೆತ ಹೆಚ್ಚೆಂದು 2001ರಲ್ಲಿ ಕಂಡುಬಂದಾಗ, ಅದೇ ತಂಡ ಮುಂದೆ ಹುಡುಕಿದ ಕಾರಣಗಳಲ್ಲಿ ಒಂದು ಹರೆಯದಲ್ಲಿ ಹೆಚ್ಚು ಹೊತ್ತು ಕುಕ್ಕರಗಾಲಿನಲ್ಲಿ ಕೂರುತ್ತಿದ್ದದ್ದು.

ನಮ್ಮ ಅಜ್ಜಂದಿರೂ ಇದೇ ಗುಡ್ಡೆ ಹತ್ತಿಳಿದರಲ್ಲ, ಅವರಿಗೆಲ್ಲಿತ್ತು ಈ ನೋವು ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ರಶ್ನೆ ಅಸಡ್ಡೆ ಮಾಡುವಂಥದ್ದಲ್ಲ. ಅಮೆರಿಕದಲ್ಲಿ ಹಳೆಯ ಮತ್ತು ಹೊಸ ಅಸ್ಥಿಪಂಜರಗಳನ್ನು ಹೋಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ, ಇಪ್ಪತ್ತನೆಯ ಶತಮಾನದ ನಡುವಿನಿಂದೀಚೆಗೆ ಮೊಣಗಂಟಿನ ಸವೆತ ಸುಮಾರು ಎರಡು ಪಟ್ಟಾಗಿದೆ ಎಂದಿತು. ವಯಸ್ಸು, ತೂಕಗಳನ್ನು ಲೆಕ್ಕದಿಂದ ಕಳೆದರೂ ಏರಿಕೆ ಉಳಿಯಿತು. ದುಡಿದು ನಡೆದದ್ದರಿಂದಲೇ ಗಂಟು ಸವೆಯುವುದಾದರೆ ಹಳಬರಲ್ಲೇ ಹೆಚ್ಚಿರಬೇಕಿತ್ತು. ಆದ್ದರಿಂದ ಅಜ್ಜನ ಉದಾಹರಣೆ ನಡಿಗೆಯ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಚಿಕ್ಕಂದಿನಿಂದ ಬೆಳೆದ ತೊಡೆಯ ಬಲ ಅವರಿಗಿತ್ತು. ಇವತ್ತಿನವರು ವಾರವಿಡೀ ಸ್ಕೂಟರಿನಲ್ಲಿ ಓಡಾಡಿ, ರಜೆಯ ದಿನ ಗೋಣಿ ಹೊತ್ತು ಬರೆ ಹತ್ತುತ್ತಾರೆ. ಆದರೂ ಒಂದು ಎಚ್ಚರಿಕೆ ಬೇಕು. ಗುಡ್ಡೆ ಹತ್ತಿದ ಅಜ್ಜ ನಮಗೆ ನೆನಪಿರುತ್ತಾನೆ, ಗಂಟುನೋವಿನಿಂದ ಜಗಲಿ ಬಿಟ್ಟೇಳದ ಅಜ್ಜಿಯನ್ನು ಯಾರೂ ಉದಾಹರಣೆಗೆ ಎಳೆತರುವುದಿಲ್ಲ.

ಇಷ್ಟು ಹೇಳಿದ ಮೇಲೆ ಎದುರುವಾದದ ಬಲವನ್ನೂ ಒಪ್ಪಬೇಕು. ಎಲ್ಲವೂ ಬಲದ ಲೆಕ್ಕವೇ ಆಗಿದ್ದರೆ, ಬಲ ತಗ್ಗಿಸಿದಾಗ ನೋವೂ ತಗ್ಗಬೇಕಿತ್ತು. ಪಾದದ ಹೊರಅಂಚನ್ನು ಎತ್ತರಿಸುವ ಚಪ್ಪಲಿಯೊಳಗಿನ ಬೆಣೆಯಟ್ಟೆ ಒಳಬದಿಯ ತಿರುಚುಬಲವನ್ನು ತುಸು ಇಳಿಸುತ್ತದೆ ನಿಜ. ಆದರೆ ಹಲವು ಪ್ರಯೋಗಗಳನ್ನು ಒಟ್ಟುಹಾಕಿದ 2013ರ ವಿಶ್ಲೇಷಣೆಯಲ್ಲಿ, ಸಾಧಾರಣ ಅಟ್ಟೆಗಿಂತ ಅದು ನೋವು ಹೆಚ್ಚೇನೂ ಇಳಿಸಿರಲಿಲ್ಲ. ಬರಿಗಾಲು ಮತ್ತು ಹವಾಯಿಯಂಥ ತೆಳುಚಪ್ಪಲಿ ನಮಗೆ ಪ್ರಿಯವಾದ ಇನ್ನೊಂದು ವಿಷಯ. ಬೂಟಿಗಿಂತ ಬರಿಗಾಲಿನಲ್ಲಿ ಈ ಬಲ ಶೇಕಡಾ ಹನ್ನೆರಡರಷ್ಟು ಕಡಿಮೆ ಎಂದು 2006ರಲ್ಲಿ ತಿಳಿದಾಗ ಹಳೆಯದೇ ಸರಿ ಎನ್ನುವವರಿಗೆ ಖುಷಿಯಾಯಿತು. ಆದರೆ 2021ರಲ್ಲಿ ಮೆಲ್ಬರ್ನ್‌ನ ತಂಡ ಆರು ತಿಂಗಳು ಹೋಲಿಸಿ ನೋಡಿದಾಗ, ಮೃದುವಾದ ಚಪ್ಪಟೆ ಬೂಟಿಗಿಂತ ಗಟ್ಟಿ ಆಧಾರವಿರುವ ಬೂಟು ಹಾಕಿದವರಿಗೇ ನಡೆವಾಗಿನ ನೋವು ಹೆಚ್ಚು ಕಡಿಮೆಯಾಗಿತ್ತು. ತೊಡೆಯ ವ್ಯಾಯಾಮದ್ದು ಇದರ ತಿರುವುಮುರುವು: ಅದು ತಿರುಚುಬಲವನ್ನು ಇಳಿಸುವುದಿಲ್ಲ, ನೋವನ್ನು ಇಳಿಸುತ್ತದೆ.

ಇದರಿಂದ ಬಲದ ಮಾತೇ ಸುಳ್ಳು ಎಂದಾಗುವುದಿಲ್ಲ. ಸವೆತ ಬೇರೆ, ನೋವು ಬೇರೆ, ಎರಡರ ನಡುವೆ ಸ್ನಾಯು, ನಿದ್ದೆ, ಉರಿಯೂತ, ಹೆದರಿಕೆ ಎಲ್ಲವೂ ಇವೆ ಎಂದಾಗುತ್ತದೆ. ಎಲ್ಲರಿಗೂ ಒಂದೇ ಅಟ್ಟೆ, ಒಂದೇ ಬೂಟು ಕೊಟ್ಟರೆ ಸಾಲದು ಎಂದೂ ಆಗುತ್ತದೆ. 2025ರಲ್ಲಿ ಅಮೆರಿಕದ ಸಂಶೋಧಕರು 68 ಜನರ ನಡಿಗೆಯನ್ನು ಒಬ್ಬೊಬ್ಬರದ್ದಾಗಿ ಅಳೆದು, ಪಾದವನ್ನು ಐದು ಅಥವಾ ಹತ್ತು ಡಿಗ್ರಿ ಒಳಕ್ಕೋ ಹೊರಕ್ಕೋ ತಿರುಗಿಸಿ ನಡೆಯಲು ಕಲಿಸಿದ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದ ನಂತರ, ತಮ್ಮ ಕಾಲಿಗೆ ಹೊಂದುವ ತಿರುವು ಕಲಿತವರಲ್ಲಿ ನೋವು ಗಮನಾರ್ಹವಾಗಿ ಇಳಿದಿತ್ತು, ಮೃದ್ವಸ್ಥಿ ಹಾಳಾಗುವ ವೇಗವೂ ತಗ್ಗಿದಂತೆ ಎಂಆರ್‌ಐ ತೋರಿಸಿತು. ಕೆಲವರಿಗೆ ಒಳತಿರುವು ಹೊಂದಿತು, ಕೆಲವರಿಗೆ ಹೊರತಿರುವು. ಹೊಂದದ ತಿರುವು ಒತ್ತಡವನ್ನು ಹೆಚ್ಚಿಸಲೂಬಹುದು. ವಿಡಿಯೋ ನೋಡಿ ಮನೆಯಲ್ಲೇ ಪಾದ ತಿರುಗಿಸಿ ನಡೆಯಲು ಹೊರಡಬಾರದು ಎನ್ನುವುದೂ ಇಲ್ಲಿಂದಲೇ ಬರುವ ಪಾಠ.

ಅಂಥ ಪ್ರಯೋಗಾಲಯ ಸುಳ್ಯಕ್ಕೋ ಕಡಬಕ್ಕೋ ನಾಳೆ ಬರುವುದಿಲ್ಲ. ಬರುವ ತನಕ ಕಾಯಬೇಕಾಗಿಯೂ ಇಲ್ಲ. ಹೆಜ್ಜೆಯ ಭಾರ ಬದಲಿಸುವ ಕೆಲವು ದಾರಿಗಳು ಕೈಗೆಟಕುವಲ್ಲೇ ಇವೆ. ದೊಣ್ಣೆಯನ್ನು ಹೆಚ್ಚಿನವರು ನೋಯುವ ಕಾಲಿನ ಬದಿಯಲ್ಲೇ ಹಿಡಿಯುತ್ತಾರೆ. ಹಿಡಿಯಬೇಕಾದ್ದು ಎದುರು ಕೈಯಲ್ಲಿ, ನೋಯುವ ಕಾಲಿನ ಜೊತೆಗೇ ಊರಬೇಕು. ಆಗ ಒಂಟಿಕಾಲಿನ ಕ್ಷಣದಲ್ಲಿ ಭಾರ ಎರಡು ಕಡೆ ಹಂಚಿಹೋಗುತ್ತದೆ. ದೊಣ್ಣೆ ಹಿಡಿಯಲು ನಾಚುವವರಿಗೆ ನಮ್ಮಲ್ಲಿ ಮಳೆಗಾಲದ ಉದ್ದ ಕೊಡೆ ಇದ್ದೇ ಇದೆ. ತೂಕ ಜಾಸ್ತಿಯಿರುವವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಗಂಟಿನ ಮೇಲಿಂದ ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರ ಅಧ್ಯಯನ ಲೆಕ್ಕ ಕೊಟ್ಟಿದೆ. ಕುರ್ಚಿಯಿಂದ ಕೈಯೂರದೆ ಎದ್ದು ನಿಧಾನ ಕೂರುವ ಅಭ್ಯಾಸಕ್ಕೆ ಕಾಸೂ ಬೇಡ, ಜಿಮ್ಮೂ ಬೇಡ. ಬೀಡಿ ಕಟ್ಟಲು, ಅಡಿಕೆ ಸುಲಿಯಲು ಮಂಡಿ ಎತ್ತರದ ಸ್ಟೂಲು ಸಾಕು.

ಹೊರೆಯ ವಿಷಯದಲ್ಲಿ ಮಾತ್ರ ಸುಲಭವಾಗಿ ತೋಚುವ ಉಪಾಯ ಎಡವುತ್ತದೆ. ಇಪ್ಪತ್ತು ಕಿಲೋ ಒಮ್ಮೆಗೇ ಹೊರುವ ಬದಲು ಹತ್ತುಹತ್ತರಂತೆ ಎರಡು ಸಲ ಹೊತ್ತರೆ ಹಗುರ ಎನ್ನುತ್ತೇವೆ. ಅರವತ್ತು ಕಿಲೋ ತೂಕದವರು ಇಪ್ಪತ್ತು ಹೊತ್ತು ಹೋಗಿ ಖಾಲಿ ಬಂದರೆ ಕಾಲು ಸಾಗಿಸಿದ್ದು ಎಂಬತ್ತು ಮತ್ತು ಅರವತ್ತು, ಒಟ್ಟು ನೂರನಲವತ್ತು. ಹತ್ತರಂತೆ ಎರಡು ಸಲವಾದರೆ ಎಪ್ಪತ್ತು, ಅರವತ್ತು, ಮತ್ತೆ ಎಪ್ಪತ್ತು, ಅರವತ್ತು, ಒಟ್ಟು ಇನ್ನೂರರವತ್ತು. ಒಂದೊಂದು ಹೆಜ್ಜೆ ಹಗುರವಾಯಿತು, ಹೆಜ್ಜೆಗಳು ಇಮ್ಮಡಿಯಾದವು. ಬೀಳುವ ಅಪಾಯವಿದ್ದರೆ, ನೋವು ಜೋರಾಗಿದ್ದರೆ ಹಂಚುವುದೇ ಸರಿ. ಆದರೆ ವರ್ಷಗಟ್ಟಲೆಯ ಸವೆತಕ್ಕೆ ಅದು ಪರಿಹಾರವಾಗದು. ಹೊರೆ ತಲೆಯಿಂದಲೇ ಇಳಿಯಬೇಕು. ಕೈಗಾಡಿ ಹೋಗುವಷ್ಟು ಅಗಲದ ದಾರಿಯೋ, ಗೊಬ್ಬರ ಇಳಿಸುವ ರಾಟೆಹಗ್ಗವೋ ಬೇಕು.

ಇಲ್ಲಿಗೆ ವಿಷಯ ಮಂಡಿಯಿಂದ ದಾರಿಗೆ ಬರುತ್ತದೆ. ಅಡಿಕೆಗೆ ಬೆಲೆ ಬಂದ ವರ್ಷ ಅಂಗಳಕ್ಕೆ ಇಂಟರ್‌ಲಾಕ್ ಬೀಳುತ್ತದೆ, ಗೇಟು ಬೀಳುತ್ತದೆ. ಅಂಗಳದಿಂದ ತೋಟಕ್ಕಿಳಿಯುವ ಮುರಕಲ್ಲಿನ ಮೆಟ್ಟಿಲು ಅಜ್ಜನ ಕಾಲದ್ದೇ ಇರುತ್ತದೆ, ಒಂದೊಂದು ಮೆಟ್ಟಿಲು ಒಂದೊಂದು ಎತ್ತರ, ಹಿಡಿದುಕೊಳ್ಳಲು ಏನೂ ಇಲ್ಲ. ಆ ದಾರಿಯನ್ನು ದಿನಕ್ಕೆ ಹೆಚ್ಚು ಸಲ ತುಳಿಯುವವರು ಮನೆಯ ಹೆಂಗಸರು ಮತ್ತು ಕೆಲಸದವರು. ಹಣ ಎಲ್ಲಿ ಹಾಕಬೇಕೆಂದು ತೀರ್ಮಾನಿಸುವವರು ಅವರಲ್ಲ. ತಗ್ಗಾದ, ಸಮನಾದ ಮೆಟ್ಟಿಲು, ಒಂದು ಬದಿಗೆ ಪೈಪಿನ ಕೈತಾಂಗು, ಮಳೆಗಾಲಕ್ಕೆ ಮೊದಲು ಪಾಚಿ ಕೆರೆಯುವ ಕೆಲಸ: ಇವು ಮಂಡಿಯ ಔಷಧಿಗಳ ಪಟ್ಟಿಯಲ್ಲೇ ಇರಬೇಕಾದವು. ಪಂಚಾಯತಿನ ಕ್ರಿಯಾಯೋಜನೆಯಲ್ಲಿ ಕಾಂಕ್ರೀಟು ರಸ್ತೆಗೆ ಇರುವ ಜಾಗದಲ್ಲಿ ಒಂದು ಮೂಲೆ, ಕಾಲನಿಗಳಿಗೂ ಅಂಗನವಾಡಿಗಳಿಗೂ ಹೋಗುವ ಕಾಲುದಾರಿಗಳ ಮೆಟ್ಟಿಲಿಗೂ ಸಿಗಬೇಕು.

ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ ಕೊನೆಯ ಹಂತದವರಿಗೆ ನಿಜಕ್ಕೂ ವರ. 2017ರಲ್ಲಿ ಕೇಂದ್ರ ಸರಕಾರ ಸಾಮಾನ್ಯ ಬದಲಿ ಮಂಡಿಯ ಬೆಲೆಗೆ 54,720 ರೂಪಾಯಿಯ ಮಿತಿ ಹಾಕಿದ ಮೇಲೆ ಅದು ಹೆಚ್ಚು ಜನರ ಕೈಗೆಟಕಿತು. ಸರಕಾರ ಮಂಡಿಯ ಬೆಲೆಯ ಬಗ್ಗೆ ಯೋಚಿಸಬಹುದಾದರೆ, ಅಲ್ಲಿಗೆ ತಲುಪದಂತೆ ತಡೆಯುವ ಫಿಸಿಯೋಥೆರಪಿಸ್ಟರನ್ನು ತಾಲೂಕು ಆಸ್ಪತ್ರೆಯಿಂದಾಚೆ, ಹೋಬಳಿ ಮಟ್ಟದವರೆಗೆ ಕಳಿಸುವ ಬಗ್ಗೆಯೂ ಯೋಚಿಸಬಹುದು. ಸುಳ್ಯದಲ್ಲೇ ವೈದ್ಯಕೀಯ ಕಾಲೇಜಿದೆ. ಗುಡ್ಡಗಾಡಿನ ಹೊರೆ ಹೊತ್ತ ನಡಿಗೆಯನ್ನು ಅಳೆದು ನೋಡಲು ಇದಕ್ಕಿಂತ ತಕ್ಕ ಊರು ಸಿಗಲಿಕ್ಕಿಲ್ಲ. ಷಿಕಾಗೋ, ಬರ್ಲಿನ್, ಮೆಲ್ಬರ್ನಿನ ಸಮತಟ್ಟು ಪ್ರಯೋಗಾಲಯಗಳ ಅಂಕಿಗಳನ್ನು ನಮ್ಮ ಬರೆಗೆ ಅಂದಾಜಿನಿಂದ ಹೊಂದಿಸಿಕೊಳ್ಳುತ್ತ ಎಷ್ಟು ದಿನ ಇರುವುದು?

ಮೊಣಗಂಟು ನೋಯುವವರಿಗೆ ಹೇಳಬೇಕಾದ್ದು ನಡೆಯಿರಿ ಎಂಬುದೂ ಅಲ್ಲ, ನಡೆಯಬೇಡಿ ಎಂಬುದೂ ಅಲ್ಲ. ಸಮತಟ್ಟಿನಲ್ಲಿ, ಖಾಲಿ ಕೈಯಲ್ಲಿ, ನೋವು ಕೆರಳದಷ್ಟು ನಡೆಯಲಿ. ಇಳಿತದಲ್ಲಿ ಆಧಾರ ಹಿಡಿಯಲಿ. ಹೊರೆಯನ್ನು ಚಕ್ರಕ್ಕೋ ಹಗ್ಗಕ್ಕೋ ಒಪ್ಪಿಸಲಿ. ಇದನ್ನು ಹೇಳಲು ವೈದ್ಯರಿಗೆ ಬೇಕಾದ ಮಾಹಿತಿ ಎಕ್ಸ್‌ರೇ ಹಾಳೆಯಲ್ಲಿ ಇರುವುದಿಲ್ಲ. ಹತ್ತು ಹೆಜ್ಜೆ ನಡೆದು ತೋರಿಸಿ ಎನ್ನಬೇಕು, ನಿಮ್ಮ ಮನೆಯಿಂದ ತೋಟಕ್ಕೆ ದಾರಿ ಹೇಗಿದೆ, ಅಲ್ಲಿಗೆ ಏನು ಹೊರುತ್ತೀರಿ ಎಂದು ಕೇಳಬೇಕು. ಎರಡು ನಿಮಿಷದ ಈ ಪರೀಕ್ಷೆಗೆ ಯಂತ್ರ ಬೇಡ. ವೈದ್ಯರು ಕೇಳದಿದ್ದರೆ ರೋಗಿಯೇ ಎದ್ದು, ಸ್ವಲ್ಪ ನನ್ನ ನಡೆ ನೋಡಿ ಡಾಕ್ಟ್ರೇ ಎನ್ನಲಿ. ಚೀಟಿ ಬರೆಯುವುದು ಆಮೇಲೆ.